ನಾಲ್ಕನೇ ಡಬ್ಬಿ: ಹೋಟೆಲ್ ತಿಂಡಿ ಬಿಟ್ಟ ಒಬ್ಬರ ಪ್ರಕರಣ

ನಾನು ಮಂಡ್ಯದಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ತೂಕ ಇಳಿಸಬೇಕು ಅಂತ ನನ್ನ ಹತ್ತಿರ ಬಂದ ಒಬ್ಬರ ಒಂದು ವರ್ಷದ ಕಥೆ ಇದು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದು ಅಂತ ಕಚೇರಿ ಮತ್ತು ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ತೂಕ, ದುಡ್ಡಿನ ಲೆಕ್ಕ, ಯಾವುದಾದ ಮೇಲೆ ಯಾವುದು ಅನ್ನುವುದೆಲ್ಲ ಇದ್ದ ಹಾಗೇ ಇದೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಹಾಗಾಗಿ ಅಕ್ಕ ಅಂತ ಕರೆಯುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ಮೊದಲ ಭೇಟಿ

ಅಕ್ಕನಿಗೆ 44 ವರ್ಷ. ಮನೆ ಮಂಡ್ಯದಲ್ಲಿ, ಕೆಲಸ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ. ಹದಿನೈದು ವರ್ಷದಿಂದ ರೈಲಿನಲ್ಲೇ ಓಡಾಟ. ತಿಂಗಳ ಪಾಸು, ಅದೇ ಬೋಗಿ, ಜೊತೆಗೆ ಅದೇ ಆರು ಜನರ ಗುಂಪು. ಮನೆಯಲ್ಲಿ ಗಂಡ, ಅತ್ತೆ, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ. ಗಂಡನಿಗೆ ಊರಲ್ಲೇ ಒಂದು ಅಂಗಡಿ ಇದೆ.

ಜೂನ್ ಮೊದಲ ವಾರ ಬಂದಾಗ ತೂಕ 78.4 ಕೆಜಿ. ಎತ್ತರ 156 ಸೆಂ.ಮೀ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, 32. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ ಹಿಡಿಯುತ್ತೇವೆ. ಸೊಂಟದ ಸುತ್ತಳತೆ 98 ಸೆಂ.ಮೀ. ಇತ್ತು. ಹೆಂಗಸರಿಗೆ ಅದು 80ರ ಒಳಗಿದ್ದರೆ ಒಳ್ಳೆಯದು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, 6.1. ಅದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ. ಮಂಡಿನೋವು ಬೇರೆ. ಸ್ಟೇಷನ್ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕಾಗಿತ್ತು.

ಅವರ ದಿನ ಹೀಗಿತ್ತು. 4.45ಕ್ಕೆ ಏಳುವುದು. ತಿಂಡಿ ಮಾಡಿ, ಡಬ್ಬಿ ಕಟ್ಟಿ, ಆರೂವರೆ ಹೊತ್ತಿಗೆ ಸ್ಟೇಷನ್. ಪ್ಲಾಟ್‌ಫಾರಂನಲ್ಲಿ ಒಂದು ಕಾಫಿ. ಬೆಂಗಳೂರಿನಲ್ಲಿ ಇಳಿದು ಮೆಜೆಸ್ಟಿಕ್ ಪಕ್ಕದ ದರ್ಶಿನಿಯಲ್ಲಿ ಇಡ್ಲಿ-ವಡೆ, ಇಲ್ಲವೇ ಚೌಚೌ ಬಾತ್. ಮಧ್ಯಾಹ್ನ ಕಚೇರಿ ಹತ್ತಿರದ ಹೋಟೆಲಿನಲ್ಲಿ ಊಟ. ಕೆಲವು ದಿನ ನಾಲ್ಕು ಗಂಟೆಗೆ ಬಜ್ಜಿ, ಟೀ. ವಾಪಸ್ ಬರುವಾಗ ರೈಲಿನಲ್ಲಿ ಮದ್ದೂರು ವಡೆ. ಎಂಟೂವರೆಗೆ ಮನೆ, ಎಲ್ಲರ ಜೊತೆ ಊಟ. ಭಾನುವಾರ ಸುಸ್ತು, ಬಿರಿಯಾನಿ ಪಾರ್ಸೆಲ್.

"ಹೊರಗಡೆ ತಿನ್ನೋದು ಬಿಡೋಕೆ ಆಗ್ತಿಲ್ಲ ಮೇಡಂ. ನಂಗೆ ನಾಲಿಗೆ ಚಪಲ ಜಾಸ್ತಿ" ಅಂದರು. ನಾನೂ ಕೇಸ್ ಹಾಳೆಯಲ್ಲಿ ಹಾಗೇ ಬರೆದುಕೊಂಡೆ: ನಾಲಿಗೆ ಚಪಲ. ಅವರು ತಮ್ಮ ಬಗ್ಗೆ ಹೇಳಿಕೊಂಡ ಮಾತನ್ನು ನಾನು ಪರೀಕ್ಷೆ ಮಾಡದೆ ಒಪ್ಪಿಕೊಂಡೆ. ಮುಂದೆ ಆದ ತಪ್ಪೆಲ್ಲ ಆ ಎರಡು ಪದದಿಂದಲೇ ಶುರುವಾಯಿತು.

ಹನ್ನೊಂದು ದಿನದ ಚಾರ್ಟ್

ನಾನು ಕೊಟ್ಟ ಚಾರ್ಟ್‌ನಲ್ಲಿ ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎರಡು ಚಪಾತಿ ಮತ್ತು ಹಸಿ ತರಕಾರಿ, ಸಂಜೆ ಮೊಳಕೆ ಕಾಳು, ರಾತ್ರಿ ಸೂಪು ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಹೊರಗಿನ ತಿಂಡಿ ಪೂರ್ತಿ ಬಂದ್.

ಅಕ್ಕ ಹನ್ನೊಂದು ದಿನ ಒಂದಿಷ್ಟೂ ತಪ್ಪದೆ ಮಾಡಿದರು. ಮನೆಯವರಿಗೆ ಬೇರೆ ಅಡುಗೆ, ತನಗೆ ಬೇರೆ ಅಡುಗೆ. ಅದಕ್ಕಾಗಿ 4.15ಕ್ಕೆ ಎದ್ದರು. ತೂಕ 1.6 ಕೆಜಿ ಇಳಿಯಿತು. ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ಮೈಯ ನೀರೇ ಜಾಸ್ತಿ ಇರುತ್ತೆ. ಉಪ್ಪು, ಅನ್ನ ಕಡಿಮೆ ಆದ ಕೂಡಲೇ ಅದು ಇಳಿಯುತ್ತೆ. ಇದನ್ನು ನಾನು ಅವರಿಗೆ ಹೇಳಿರಲಿಲ್ಲ.

ಹನ್ನೆರಡನೇ ದಿನ ಮಗನಿಗೆ ಜ್ವರ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಅಡುಗೆ ಆಗಲಿಲ್ಲ. ದರ್ಶಿನಿಗೆ ಹೋದರು. ಒಂದು ಸಲ ತಪ್ಪಿದ ಮೇಲೆ ಇನ್ನೇನು ಅಂತ ಮಧ್ಯಾಹ್ನ ಊಟ, ಸಂಜೆ ಬಜ್ಜಿ, ರೈಲಿನಲ್ಲಿ ಎರಡು ವಡೆ. ಮಾರನೇ ದಿನ ತೂಕದ ಯಂತ್ರ 1.1 ಕೆಜಿ ಜಾಸ್ತಿ ತೋರಿಸಿತು. ಒಂದೇ ದಿನದ ಊಟದಿಂದ ಅಷ್ಟು ಕೊಬ್ಬು ಏರುವುದಿಲ್ಲ. ಒಂದು ಕೆಜಿ ಕೊಬ್ಬು ಅಂದರೆ ಅಂದಾಜು 7,700 ಕ್ಯಾಲರಿ. ಏರಿದ್ದು ಬಹುಪಾಲು ಹೋಟೆಲ್ ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿ ಇನ್ನೂ ಇದ್ದ ಊಟ. ಎರಡು ಮೂರು ದಿನ ಕಾದಿದ್ದರೆ ತಾನೇ ಇಳಿಯುತ್ತಿತ್ತು. ಗೊತ್ತಿಲ್ಲದ ಅಕ್ಕನಿಗೆ ಮಾತ್ರ ಹನ್ನೊಂದು ದಿನದ ಕಷ್ಟ ಒಂದೇ ರಾತ್ರಿಯಲ್ಲಿ ನೀರಾದ ಹಾಗೆ ಕಂಡಿತು. ಆಮೇಲೆ ಅವರು ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಜುಲೈ ತಿಂಗಳ ಲೆಕ್ಕ

ಆಗಸ್ಟ್ ಮಧ್ಯದಲ್ಲಿ ಮತ್ತೆ ಬಂದರು. ಮಂಡಿನೋವು ತಡೆಯಲಾಗದೆ ಡಾಕ್ಟರ ಹತ್ತಿರ ಹೋಗಿದ್ದರು, ಅವರು ಮತ್ತೆ ತೂಕದ ಮಾತೇ ಎತ್ತಿದ್ದರು. 78.9 ಕೆಜಿ. ಕುರ್ಚಿಯ ತುದಿಯಲ್ಲಿ ಕೂತು "ಬೈಬೇಡಿ ಮೇಡಂ" ಅಂದರು. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಒಂದು ಚಾರ್ಟ್ ಕೈಗೆ ಕೊಟ್ಟು, ಅದು ಮುರಿದುಬಿದ್ದಾಗ ಅವರೇ ತಪ್ಪಿತಸ್ಥರು ಅನ್ನುವ ಹಾಗೆ ಮಾಡಿದ್ದೆ.

ಊಟದ ಡೈರಿ ಬರೆಯಿರಿ ಅಂತ ಹೇಳುವ ಮನಸ್ಸಾಗಲಿಲ್ಲ. ಬೆಳಿಗ್ಗೆ 4.45ರಿಂದ ಓಡುವವರಿಗೆ ಅದೂ ಒಂದು ಕೆಲಸವೇ. ಅಷ್ಟರಲ್ಲಿ ಅವರು ಫೀಸು ಕಟ್ಟಲು ಫೋನ್ ತೆಗೆದರು. ಯುಪಿಐ ಲೆಕ್ಕದಲ್ಲಿ ಹೋಟೆಲುಗಳ ಹೆಸರು ಸಾಲಾಗಿ ಕಂಡವು. "ಅಕ್ಕ, ಜುಲೈ ತಿಂಗಳದ್ದು ಒಂದು ಸಲ ಇಬ್ಬರೂ ನೋಡೋಣವಾ? ತಿಂಡಿ-ಊಟದ್ದು ಮಾತ್ರ ನೀವು ಓದಿ ಹೇಳಿ, ನಾನು ಬರ್ಕೋತೀನಿ" ಅಂದೆ. ಒಪ್ಪಿದರು.

ಒಂದು ಹಳೇ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆಯುತ್ತಾ ಹೋದೆ. ಆ ತಿಂಗಳು ಅವರು ಕಚೇರಿಗೆ ಹೋಗಿದ್ದು 23 ದಿನ. ಬೆಳಗಿನ ತಿಂಡಿ 23 ಸಲ. ಮಧ್ಯಾಹ್ನದ ಊಟ 21. ಸಂಜೆ ಬಜ್ಜಿ 8. ರೈಲಿನ ವಡೆ 5. ಭಾನುವಾರದ ಪಾರ್ಸೆಲ್ 4. ಒಟ್ಟು 61 ಸಲ, 5,825 ರೂಪಾಯಿ.

ದುಡ್ಡು ನೋಡಿ ಅಕ್ಕ ಬೆರಗಾದರು. ನನ್ನ ಕಣ್ಣು ಮಾತ್ರ ಸಮಯದ ಮೇಲೆ ನಿಂತಿತ್ತು. ಬೆಳಗಿನ ತಿಂಡಿಯ 23 ಪಾವತಿಗಳೂ 8.50ರಿಂದ 9.05ರ ಒಳಗೇ ಇದ್ದವು. ಚಪಲ ಅಂದರೆ ಒಂದು ದಿನ ಬರುತ್ತೆ, ಒಂದು ದಿನ ಬರಲ್ಲ. ಇಲ್ಲಿ ಹಾಜರಿ ಪುಸ್ತಕದ ಥರ ದಿನಾ ಅದೇ ಹೊತ್ತು. ಮಧ್ಯಾಹ್ನ ಊಟ ತಪ್ಪಿದ ಎರಡು ದಿನವೂ ಸಂಜೆ ಬಜ್ಜಿ ಇತ್ತು. ಇದು ನಾಲಿಗೆಯದ್ದಲ್ಲ, ಹೊಟ್ಟೆಯ ಲೆಕ್ಕ.

"ಬೆಳಿಗ್ಗೆ ಮನೇಲಿ ತಿಂಡಿ ಆಗಿರುತ್ತಲ್ಲ ಅಕ್ಕ?"

"ಆಗಿರುತ್ತೆ. ಮಕ್ಕಳಿಗೆ, ಯಜಮಾನರಿಗೆ ಮೂರು ಡಬ್ಬಿ ಕಟ್ತೀನಿ. ಅತ್ತೆಗೆ ತಟ್ಟೇಲಿ ಮುಚ್ಚಿಟ್ಟು ಬರ್ತೀನಿ."

"ನಿಮ್ಮದು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೆ ಡಬ್ಬಿ ಇಲ್ಲ ಮೇಡಂ."

ನಿಜಕ್ಕೂ ಇರಲಿಲ್ಲ. ಅವರ ಅಡುಗೆಮನೆಯ ಕಟ್ಟೆ ಮೇಲೆ ಮೂರು ಸ್ಟೀಲ್ ಡಬ್ಬಿಗಳಿದ್ದವು. ನಾಲ್ಕನೆಯದು ಬೇಕು ಅಂತ ಹದಿನೈದು ವರ್ಷದಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅವರಿಗೂ ಅನ್ನಿಸಿರಲಿಲ್ಲ. ಎದ್ದು ನಾಲ್ಕು ಗಂಟೆ ಒಂದು ಸಕ್ಕರೆ ಕಾಫಿಯ ಮೇಲೆ ನಡೆಯುವ ಮನುಷ್ಯರು ದರ್ಶಿನಿಯ ಮುಂದೆ ಹಾದುಹೋಗುವಾಗ ಇಡ್ಲಿಗೆ ವಡೆ ಸೇರಿಸದೆ ಇರುತ್ತಾರಾ? ಕೇಸ್ ಹಾಳೆಯಲ್ಲಿದ್ದ "ನಾಲಿಗೆ ಚಪಲ" ಅನ್ನುವುದನ್ನು ಅವರ ಎದುರಿಗೇ ಹೊಡೆದುಹಾಕಿದೆ.

ನಾಲ್ಕನೇ ಡಬ್ಬಿ

ನಿರ್ಧಾರ ಒಂದೇ. ಒಂದು ತಿಂಗಳು ಬೆಳಗಿನ ತಿಂಡಿ ಮಾತ್ರ ಮನೆಯಿಂದ. ಉಳಿದದ್ದು ಇದ್ದ ಹಾಗೇ ಇರಲಿ, ವಡೆಯೂ ಸೇರಿ. ಕ್ಯಾಲರಿ ನೋಡಿದರೆ ವಡೆ, ಪಾರ್ಸೆಲ್ ಮೊದಲು ನಿಲ್ಲಿಸಬೇಕಿತ್ತು ಅಂತ ಯಾರಾದರೂ ಹೇಳಬಹುದು. ನಾನು ಬೆಳಗಿನದನ್ನು ಆರಿಸಿದ್ದಕ್ಕೆ ಕಾರಣ ಇತ್ತು. ಅದು ದಿನಾ ಒಂದೇ ಹೊತ್ತಿಗೆ ಬರುತ್ತೆ. ಅದಕ್ಕೆ ಬೇರೆ ಅಡುಗೆ ಬೇಡ, ಆಗಿರುವ ತಿಂಡಿಯೇ ಸಾಕು. ಅರ್ಧ ಗಂಟೆ ಮೊದಲು ಏಳುವ ಮಾತೂ ಇಲ್ಲ.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಅವರು ಕೈಕಟ್ಟಿ ಕೂತಿದ್ದರು, ಏನೋ ದೂರು ಬರುತ್ತೆ ಅಂದುಕೊಂಡಿರಬೇಕು. ಹಾಳೆ ತೋರಿಸಿದೆ. ಬೆಳಗಿನ 23 ಗೆರೆಗಳ ಮೇಲೆ ಬೆರಳಿಟ್ಟು ಎಣಿಸಿದರು. "ಇವ್ಳು ಮನೇಲೇ ತಿನ್ಕೊಂಡು ಹೋಯ್ತಾಳೆ ಅಂದ್ಕೊಂಡಿದ್ದೆ" ಅಂದರು. ಆಮೇಲೆ, "ಸೊಪ್ಪು ಬಿಡಿಸೋದು, ಕಾಳು ನೆನೆಹಾಕೋದು ನಂಗೆ ಬುಡಿ ಮೇಡಂ, ಅಂಗಡಿ ಮುಚ್ಚಿದ್ ಮೇಲೆ ಮಾಡ್ತೀನಿ." ಮಾತು ಉಳಿಸಿಕೊಂಡರು. ಆ ಶನಿವಾರವೇ ಪಾತ್ರೆ ಅಂಗಡಿಯಿಂದ ಎರಡು ಅಂತಸ್ತಿನ ಒಂದು ಡಬ್ಬಿ ತಂದು, ಮುಚ್ಚಳದ ಮೇಲೆ ಹೆಂಡತಿಯ ಹೆಸರು ಹಾಕಿಸಿದರು.

ಡಬ್ಬಿಗೆ ಏನು ಹಾಕಬೇಕು ಅನ್ನುವುದಕ್ಕೆ ಎರಡೇ ನಿಯಮ. ರೈಲಿನಲ್ಲಿ ಸೋರಬಾರದು. ಇಡ್ಲಿ, ಚಪಾತಿಯ ಜೊತೆ ಕಾಳೋ ಮೊಟ್ಟೆಯೋ ಇರಲೇಬೇಕು. ಹಾಗಾಗಿ ಸಾಂಬಾರ್ ಬಿಟ್ಟು ಚಟ್ನಿಪುಡಿ ಸವರಿದ ಮೂರು ಇಡ್ಲಿ. ಇಲ್ಲವೇ ಒಂದು ಅಕ್ಕಿರೊಟ್ಟಿ, ಇಲ್ಲವೇ ಎರಡು ಚಪಾತಿ, ಇಲ್ಲವೇ ತರಕಾರಿ ಜಾಸ್ತಿ ಹಾಕಿದ ಉಪ್ಪಿಟ್ಟು. ಮೇಲಿನ ಅಂತಸ್ತಿನಲ್ಲಿ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಹೆಸರುಕಾಳಿನ ಉಸಲಿ. ಬರೀ ಇಡ್ಲಿ, ಉಪ್ಪಿಟ್ಟು ತಿಂದರೆ ಹತ್ತೂವರೆಗೇ ಹಸಿವು. ಕಾಳು, ಮೊಟ್ಟೆ ಸೇರಿದರೆ ಮಧ್ಯಾಹ್ನ ಒಂದು ಗಂಟೆಯವರೆಗೆ ತಡೆಯುತ್ತೆ.

ಮೊದಲ ವಾರ ಸುಲಭ ಇರಲಿಲ್ಲ. ರೈಲಿನಲ್ಲಿ ಎಲ್ಲರೂ ನಿದ್ದೆ ಮಾಡುವಾಗ ಡಬ್ಬಿ ತೆಗೆಯಲು ಸಂಕೋಚ. ಮೊಟ್ಟೆಯ ವಾಸನೆ ಬರುತ್ತೇನೋ ಅಂತ ಬೇರೆ. ಮೂರು ದಿನ ಡಬ್ಬಿ ಅಡುಗೆ ಕಟ್ಟೆಯ ಮೇಲೇ ಉಳಿಯಿತು. ಇದನ್ನು ಸರಿಮಾಡಿದ್ದು ಅತ್ತೆ. ಬೆಳಿಗ್ಗೆ ಬಾಗಿಲ ಹತ್ತಿರ, ಚಪ್ಪಲಿ ಪಕ್ಕದ ಸ್ಟೂಲಿನ ಮೇಲೆ ಡಬ್ಬಿ ಇಟ್ಟು ಅಲ್ಲೇ ನಿಲ್ಲುತ್ತಿದ್ದರಂತೆ. "ತಕ್ಕೊಂಡ್ ಓಗವ್ವ" ಅಂತ ಒಂದೇ ಮಾತು. ಸೆಪ್ಟೆಂಬರ್ ಕೊನೆಗೆ ತೂಕ 77.3. ದರ್ಶಿನಿಗೆ ಹೋಗಿದ್ದು ಆ ತಿಂಗಳು ಐದು ಸಲ.

ಅಕ್ಟೋಬರ್‌ನಿಂದ ಮಧ್ಯಾಹ್ನದ ಊಟವೂ ಮನೆಯದು. ನಮ್ಮ ಕಡೆ ಊಟ ಅಂದರೆ ಮುದ್ದೆ. ಅದು ಡಬ್ಬಿಯಲ್ಲಿ ಗಟ್ಟಿಯಾಗಿ ಬಾಯಿಗೆ ರುಚಿಸಲ್ಲ. ರಾತ್ರಿ ಮನೆಯಲ್ಲಿ ಬಿಸಿ ಮುದ್ದೆ ಸಣ್ಣದೊಂದು, ಬಸ್ಸಾರಿನ ಜೊತೆ. ಬಸ್ಸಾರಿಗೆ ಬಸಿದ ಸೊಪ್ಪು-ಕಾಳಿನ ಪಲ್ಯ ಮಾರನೇ ದಿನ ಎರಡು ಚಪಾತಿ, ಮೊಸರಿನ ಜೊತೆ ಡಬ್ಬಿಗೆ. ಒಂದೇ ಅಡುಗೆಯಲ್ಲಿ ಎರಡು ಊಟ ಆಯಿತು.

ಆದರೆ ಮನೆ ಊಟ ಅಂದ ಮಾತ್ರಕ್ಕೆ ಹಗುರ ಅಂತಲ್ಲ. ಅಕ್ಟೋಬರ್‌ನಲ್ಲಿ ತೂಕ ಅಲ್ಲಾಡಲಿಲ್ಲ. ಎಣ್ಣೆ ಎಷ್ಟು ಖರ್ಚಾಗುತ್ತೆ ಅಂತ ಕೇಳಿದೆ. ಐದು ಜನಕ್ಕೆ ತಿಂಗಳಿಗೆ ಐದು ಲೀಟರ್. ತಲೆಗೆ ಅರ್ಧ ಲೀಟರ್‌ಗೆ ಇಳಿಸಿ ಅಂತ ಹೇಳಿದೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲರಿಯ ಹತ್ತಿರ. ಪಲ್ಯಕ್ಕೆ ಬಾಟಲಿಯಿಂದ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಲು ಶುರು ಮಾಡಿದರು. ಇದಕ್ಕೆ ಮಕ್ಕಳಿಂದ ಸ್ವಲ್ಪ ಗೊಣಗಾಟ ಬಂತು. ದೋಸೆ ಗರಿಗರಿ ಆಗಲ್ಲ ಅಂತ. ಭಾನುವಾರದ ದೋಸೆಗೆ ವಿನಾಯಿತಿ ಕೊಟ್ಟೆವು.

ಗುರುವಾರದ ವಡೆ

ಜುಲೈ ಲೆಕ್ಕದಲ್ಲಿ ವಡೆ ಐದೇ ಸಲ ಇತ್ತು, ನೆನಪಿದೆಯಲ್ಲ? ಐದೂ ಗುರುವಾರ, ಒಂದೊಂದೂ 120 ರೂಪಾಯಿ. ಆರು ಜನ, ಆರು ವಡೆ, ದಿನಕ್ಕೊಬ್ಬರ ಪಾಳಿ. ಅಕ್ಕನ ಪಾಳಿ ಗುರುವಾರ. ಅಂದರೆ ಅಕ್ಕ ವಡೆ ತಿನ್ನುತ್ತಿದ್ದದ್ದು ದಿನಾ. ಉಳಿದ ದಿನದ ಲೆಕ್ಕ ಬೇರೆಯವರ ಫೋನ್‌ನಲ್ಲಿತ್ತು. ದುಡ್ಡಿನ ಲೆಕ್ಕವನ್ನೇ ಪೂರ್ತಿ ನಂಬಬಾರದು ಅಂತ ನನಗೆ ಆಗ ಗೊತ್ತಾಯಿತು.

ಚಿರೋಟಿ ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ ಕಲಸಿ ಕರಿದ ಅಂಗೈ ಅಗಲದ ವಡೆ. ಗಾತ್ರದ ಮೇಲೆ ಹೆಚ್ಚು ಕಡಿಮೆ ಆಗುತ್ತೆ, ಅಂದಾಜು 200 ಕ್ಯಾಲರಿ ಹಿಡಿಯಬಹುದು. ಚನ್ನಪಟ್ಟಣ ದಾಟುವಾಗ ಮಾರುವವರು ಬುಟ್ಟಿ ಹಿಡಿದು ಬರುತ್ತಾರೆ. ಪೇಪರಿನ ಮೇಲೆ ವಡೆ, ಪಕ್ಕದಲ್ಲಿ ಚಟ್ನಿ. ಆ ಹತ್ತು ನಿಮಿಷದಲ್ಲಿ ಆ ಆರು ಜನ ಮಾತಾಡುವುದೆಲ್ಲ ಆಗುತ್ತೆ: ಯಾರ ಮಗಳಿಗೆ ಗಂಡು ನೋಡಿದರು, ಯಾರಿಗೆ ವರ್ಗಾವಣೆ ಬಂತು. ಹದಿನೈದು ವರ್ಷದ ಸ್ನೇಹ. ಆಯುಧಪೂಜೆಗೆ ಬೋಗಿಗೆ ಬಾಳೆಕಂದು ಕಟ್ಟಿ ಒಟ್ಟಿಗೆ ಪೂಜೆ ಮಾಡುವ ಗುಂಪು ಅದು. ಅಲ್ಲಿ "ನಂಗೆ ಬೇಡ" ಅಂದರೆ ಬರೀ ವಡೆ ಬೇಡ ಅಂದ ಹಾಗೆ ಆಗಲ್ಲ.

ಜೂನ್‌ನ ಆ ಹನ್ನೊಂದು ದಿನ ಅಕ್ಕ ಕಿಟಕಿ ಕಡೆ ತಿರುಗಿ ಕೂತಿದ್ದರಂತೆ. "ಏನ್ ಮೇಡಂ, ಡಯಟ್ಟಾ?" ಅಂತ ಕೇಳಿದ್ದಕ್ಕೆ ಕಣ್ಣಲ್ಲಿ ನೀರು ಬಂದಿತ್ತಂತೆ.

ನವೆಂಬರ್‌ನಲ್ಲಿ ನಾವು ಹೀಗೆ ಮಾಡಿದೆವು. ಗುರುವಾರದ ಪಾಳಿ ಇರಲಿ. ಆ ದಿನ ವಡೆ ಕೊಡಿಸುವುದು, ಒಂದು ತಿನ್ನುವುದು, ಖುಷಿಯಾಗಿ. ಉಳಿದ ದಿನ ಕಚೇರಿ ಬಿಡುವ ಮೊದಲೇ ಒಂದು ಹಿಡಿ ಹುರಿಗಡಲೆ, ಒಂದು ಲೋಟ ಮಜ್ಜಿಗೆ. ಹಸಿದ ಹೊಟ್ಟೆಯಲ್ಲಿ ರೈಲು ಹತ್ತಬಾರದು. ರೈಲಿನಲ್ಲಿ ಬರೀ ಕೈಯಲ್ಲೂ ಕೂರಬಾರದು, ಹಾಗಾಗಿ ಒಂದು ಡಬ್ಬಿಯಲ್ಲಿ ಹೆಚ್ಚಿದ ಸೀಬೆಹಣ್ಣು ಅಥವಾ ಸೌತೆಕಾಯಿ, ಮೇಲೆ ಉಪ್ಪು-ಖಾರ. ಎಲ್ಲರಿಗೂ ಆಗುವಷ್ಟು. "ಡಯಟ್" ಅನ್ನುವ ಪದವನ್ನೇ ಎತ್ತಬೇಡಿ ಅಂದಿದ್ದೆ.

ಗುಂಪಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಒಬ್ಬ ಹಿರಿಯರು ಮೊದಲು ಕೈ ಹಾಕಿದರು. ಆಮೇಲೆ ಇನ್ನೊಬ್ಬರು. ಉಳಿದ ಮೂವರು ವಡೆಯನ್ನೇ ತಿಂದರು, ಈಗಲೂ ತಿನ್ನುತ್ತಾರೆ. ಯಾರೂ ಯಾರನ್ನೂ ಬದಲಾಯಿಸಲು ಹೋಗಲಿಲ್ಲ. ಅಕ್ಕ ಕಿಟಕಿ ಕಡೆ ತಿರುಗಿ ಕೂರುವುದು ತಪ್ಪಿತು, ಅಷ್ಟು ಸಾಕಿತ್ತು. ಫೆಬ್ರವರಿ ಕೊನೆಗೆ 73.2 ಕೆಜಿ.

ಮಾರ್ಚ್

ಸರ್ಕಾರಿ ಕಚೇರಿಯಲ್ಲಿ ಮಾರ್ಚ್ ಅಂದರೆ ಲೆಕ್ಕಪತ್ರದ ಕೊನೆ ತಿಂಗಳು. ದಿನಾ ರಾತ್ರಿ ಎಂಟು ಗಂಟೆಯವರೆಗೆ ಕೆಲಸ, ರೈಲು ತಪ್ಪಿ ಬಸ್ಸು, ಕಚೇರಿಯಲ್ಲೇ ಎಲ್ಲರಿಗೂ ತರಿಸುವ ಪಾರ್ಸೆಲ್. ಎರಡನೇ ವಾರವೇ ಅಕ್ಕ ಫೋನ್ ಮಾಡಿ "ಎಲ್ಲಾ ಕೆಟ್ಟೋಯ್ತು ಮೇಡಂ" ಅಂದರು. ಜೂನ್‌ನಲ್ಲಿ ಫೋನ್ ಎತ್ತದವರು ಈ ಸಲ ತಾವೇ ಮಾಡಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಗಳಿಗೆ ಅದು.

ಈ ತಿಂಗಳು ಇಳಿಸುವುದು ಬೇಡ, ಏರದಿದ್ದರೆ ಸಾಕು ಅಂದೆ. ಬೆಳಗಿನ ಡಬ್ಬಿ ಒಂದನ್ನು ಬಿಡಬೇಡಿ. ಹೋಟೆಲಿಗೆ ಹೋಗಲೇಬೇಕಾದರೆ ಎರಡು ಇಡ್ಲಿ, ವಡೆ ಬೇಡ, ಸಾಂಬಾರ್ ಇನ್ನೊಂದು ಬಟ್ಟಲು. ಕಾಫಿ ಆದರೆ ಸಕ್ಕರೆ ಬೇರೆ ಕೊಡಿ ಅಂತ ಕೇಳಿ. ಪಾರ್ಸೆಲ್ ಆದರೆ ಡಬ್ಬದಿಂದ ತಿನ್ನಬೇಡಿ, ತಟ್ಟೆಗೆ ಅರ್ಧ ಹಾಕಿಕೊಂಡು ಉಳಿದದ್ದನ್ನು ಮುಚ್ಚಿಬಿಡಿ. ಹೋಟೆಲ್ ಊಟದ ಮಾರನೇ ದಿನ ತೂಕ ನೋಡಲೇಬೇಡಿ. ಏಪ್ರಿಲ್ ಮೊದಲ ವಾರ 73.5. ಮುನ್ನೂರು ಗ್ರಾಂ ಏರಿತ್ತು. ನಾನು ಅದನ್ನು ಗೆಲುವು ಅಂತಲೇ ಬರೆದುಕೊಂಡೆ.

ಮೇ ತಿಂಗಳ ಲೆಕ್ಕ

ಮೇ ಮಧ್ಯಕ್ಕೆ ತೂಕ 71.6. ಒಂಬತ್ತು ತಿಂಗಳಲ್ಲಿ 7.3 ಕೆಜಿ. ಸೊಂಟ 91. ಎಚ್‌ಬಿಎ1ಸಿ 5.8. ಬಿಎಂಐ ಇನ್ನೂ 29ರ ಮೇಲಿದೆ, ಇನ್ನೂ ಇಳಿಯಬೇಕು. ಮಂಡಿನೋವು ಪೂರ್ತಿ ಹೋಗಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಕಂಬಿ ಬೇಡ. ಏಪ್ರಿಲ್ ತಿಂಗಳ ಫೋನ್ ಲೆಕ್ಕ ಮತ್ತೆ ಇಬ್ಬರೂ ಕೂತು ನೋಡಿದೆವು. 61 ಇದ್ದದ್ದು 14ಕ್ಕೆ ಬಂದಿತ್ತು, 5,825 ರೂಪಾಯಿ ಇದ್ದದ್ದು 1,470ಕ್ಕೆ. ಅದರಲ್ಲಿ ನಾಲ್ಕು ಗುರುವಾರದ ವಡೆ.

ಒರಟು ಲೆಕ್ಕ ಹಾಕಿದರೆ 7.3 ಕೆಜಿಗೆ 56,000 ಕ್ಯಾಲರಿ. ಒಂಬತ್ತು ತಿಂಗಳಿಗೆ ಹಂಚಿದರೆ ದಿನಕ್ಕೆ ಇನ್ನೂರು ಚಿಲ್ಲರೆ. ಹೆಚ್ಚು ಕಡಿಮೆ ಒಂದು ವಡೆಯಷ್ಟು. ಇದನ್ನು ತೋರಿಸಿದಾಗ ಅಕ್ಕ ನಂಬಲಿಲ್ಲ. ಕಾಗದ ತಿರುಗಿಸಿ ತಾವೇ ಭಾಗಾಕಾರ ಮಾಡಿ ನೋಡಿದರು. ಜೂನ್‌ನಲ್ಲಿ ನಾನು ಕೊಟ್ಟ ಚಾರ್ಟ್ ಇದರ ನಾಲ್ಕೈದು ಪಟ್ಟು ಕಡಿತ ಕೇಳಿತ್ತು.

ಈ ಕೆಲಸದಲ್ಲಿ ಇರುವವರಿಗೆ, ಮನೆಯಲ್ಲಿ ಯಾರಾದರೂ ತೂಕ ಇಳಿಸಲು ಒದ್ದಾಡುತ್ತಿದ್ದರೆ ಅವರಿಗೆ ಇಲ್ಲಿಂದ ಏನು ಸಿಗುತ್ತೆ ಅಂತ ಯೋಚಿಸಿದ್ದೇನೆ. ಏನು ತಿಂದಿರಿ ಅಂತ ಕೇಳುವ ಮೊದಲು ಎಷ್ಟು ಹೊತ್ತಿಗೆ ಅಂತ ಕೇಳಿ. ಅದಕ್ಕೂ ಮೊದಲು ಎಷ್ಟು ಹೊತ್ತು ಖಾಲಿ ಹೊಟ್ಟೆ ಇತ್ತು ಅಂತ ಕೇಳಿ. ಡಬ್ಬಿ ಕಟ್ಟುವವರ ಡಬ್ಬಿ ಎಲ್ಲಿ ಅಂತ ಕೇಳಿ. ಇವರಾದ ಮೇಲೆ ಬಂದ ಹೆಂಗಸರಿಗೆಲ್ಲ ನಾನು ಈ ಪ್ರಶ್ನೆ ಕೇಳುತ್ತಿದ್ದೇನೆ, ಅಕ್ಕನ ಉತ್ತರವೇ ಮತ್ತೆ ಮತ್ತೆ ಬರುತ್ತಿದೆ. ಫೋನ್ ಲೆಕ್ಕ ನೋಡುವುದಾದರೆ ಅವರೇ ಓದಿ ಹೇಳಲಿ, ನೀವು ಫೋನ್ ಕೈಗೆ ತೆಗೆದುಕೊಳ್ಳಬೇಡಿ.

ಇದೇ ದಾರಿ ಎಲ್ಲರಿಗೂ ಆಗಲ್ಲ. ಅಕ್ಕನ ಮನೆಯಲ್ಲಿ ಬೆಳಿಗ್ಗೆ ತಿಂಡಿ ಹೇಗೂ ಆಗುತ್ತಿತ್ತು. ಸಹಾಯಕ್ಕೆ ಅತ್ತೆ ಇದ್ದರು, ಗಂಡ ಕೈ ಜೋಡಿಸಿದರು. ಬೆಂಗಳೂರಿನ ಪಿಜಿಯಲ್ಲಿ ಒಲೆಯೇ ಇಲ್ಲದೆ ಇರುವ ಹುಡುಗರಿಗೆ ಡಬ್ಬಿ ಕಟ್ಟಿ ಅಂದರೆ ಅರ್ಥವಿಲ್ಲ. ಅವರಿಗೆ ಹೋಟೆಲಿನಲ್ಲೇ ಆರಿಸಿ ತಿನ್ನುವುದನ್ನು ಕಲಿಸಬೇಕು, ಮಾರ್ಚ್‌ನಲ್ಲಿ ನಾವು ಮಾಡಿದ ಹಾಗೆ.

ಜೂನ್‌ನಿಂದ ಮಗಳು ಮೈಸೂರಿನ ಕಾಲೇಜಿಗೆ. ಅವಳ ರೈಲು ಬೇರೆ, ಹೊರಡುವ ಹೊತ್ತೂ ಬೇರೆ. ಬೆಳಗಿನ ಅಡುಗೆಯ ಸಮಯ ಮತ್ತೆ ಹೊಂದಿಸಬೇಕು. ಎರಡನೇ ಶನಿವಾರ ಅಕ್ಕನಿಗೆ ರಜೆ. ಅವತ್ತು ಬರುತ್ತೇನೆ ಅಂದಿದ್ದಾರೆ, ಮಗಳನ್ನೂ ಕರೆದುಕೊಂಡು.